ಆ ಆಟದ ಹೆಸರೇನು ಮಗಾ?

ನಿಮಗೂ ಅಂಥದ್ದೊಂದು ಆಟ ಇದ್ದೇ ಇರುತ್ತೆ. ಶಾಲೆಯ ಕಂಪ್ಯೂಟರ್ ಕೋಣೆ, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ, ಒಂದೊಂದು ಕಂಪ್ಯೂಟರಿಗೆ ಮೂರು ಮೂರು ಜನ. ಮೌಸ್ ಯಾರ ಕೈಲಿರಬೇಕು ಅನ್ನೋ ಜಗಳ ಚೆನ್ನಾಗಿ ನೆನಪಿರುತ್ತೆ. ಕರೆಂಟು ಹೋದಾಗ ಇಡೀ ಕ್ಲಾಸು ಒಟ್ಟಿಗೆ "ಓ..." ಅಂದದ್ದೂ ನೆನಪಿರುತ್ತೆ. ಆಟದ ಹೆಸರು ಮಾತ್ರ ನೆನಪಿರಲ್ಲ.

ನನ್ನದು ಒಂದು ಸಂತೆಯ ಆಟ. ತರಕಾರಿ ಮಾರುವ ಅಜ್ಜಿ, ಅವಳ ಮುಂದೆ ತಕ್ಕಡಿ, ಪಕ್ಕದಲ್ಲಿ ತೂಕದ ಬಟ್ಟುಗಳು. ಗಿರಾಕಿ ಬಂದು "ಒಂದೂ ಮುಕ್ಕಾಲು ಕೆ.ಜಿ. ಹುರುಳಿಕಾಯಿ" ಅಂತಾನೆ. ನಾವು ಒಂದು ಕೆ.ಜಿ., ಅರ್ಧ, ಕಾಲು ಅಂತ ಬಟ್ಟುಗಳನ್ನು ಎಳೆದು ತಟ್ಟೆಗೆ ಹಾಕಬೇಕು. ಸರಿಯಾದರೆ ಚೀಲ ತುಂಬುತ್ತೆ. ತಪ್ಪಾದರೆ ಕಾಗೆಯೊಂದು ಹಾರಿ ಬಂದು ಒಂದು ಬದನೆಕಾಯಿ ಎತ್ತಿಕೊಂಡು ಹೋಗುತ್ತೆ. ಭಿನ್ನರಾಶಿ ಅನ್ನೋ ಪದ ಕಲಿಯೋಕೆ ಮುಂಚೆ ಭಿನ್ನರಾಶಿ ಕಲಿತದ್ದು ಆ ಅಜ್ಜಿಯ ಹತ್ತಿರ. ಆಟ ಪೂರ್ತಿ ಕನ್ನಡದಲ್ಲಿತ್ತು. ನನಗೆ ಗೊತ್ತಿರೋದು ಇಷ್ಟೇ.

ಹಾಸ್ಟೆಲಿನಲ್ಲಿ ಒಂದು ರಾತ್ರಿ ಇದನ್ನು ಹೇಳಿದೆ. "ಏ, ಕಾಗಿ ಎಲ್ಲಿದೋ, ಗೂಗಿ ಇತ್ತು ಅದ್ರಾಗ" ಅಂದ ಧಾರವಾಡದ ಕಡೆಯವನು. "ಗೂಬೆಯೂ ಅಲ್ಲ ಮಾರಾಯ, ಗಿಳಿ" ಅಂದ ಪುತ್ತೂರಿನವನು. ಮಂಡ್ಯದವನು "ಹಕ್ಕಿನೇ ಇರ್ಲಿಲ್ಲ ಕಣ್ರೋ, ಕೋತಿ ಇದ್ದಿದ್ದು" ಅಂತ ತೀರ್ಪು ಕೊಟ್ಟ. ನಾಲ್ಕೂ ಒಂದೇ ಆಟವೋ, ನಾಲ್ಕು ಬೇರೆ ಬೇರೆ ಆಟಗಳೋ, ಹೇಳೋರು ಯಾರೂ ಇಲ್ಲ. ಮರುದಿನ ಇಂಟರ್ನಲ್ಸ್ ಇದ್ದದ್ದರಿಂದ ಮಾತು ಅಲ್ಲಿಗೆ ನಿಂತಿತು.

ಇದನ್ನು ಹಾಸ್ಟೆಲ್ ಹರಟೆ ಅಂತ ಬಿಟ್ಟುಬಿಡಬಹುದು. ಆದರೆ ಬಿಡಬಾರದು ಅನ್ನೋದು ನನ್ನ ವಾದ. ಕನ್ನಡದ ಈ ಹಳೆಯ ಕಲಿಕೆಯ ಆಟಗಳನ್ನು ಹುಡುಕೋದು ಬಾಲ್ಯದ ಮೇಲಿನ ಮೋಹಕ್ಕೆ ಮಾತ್ರ ಸಂಬಂಧಿಸಿದ ಕೆಲಸ ಅಲ್ಲ. ಅದು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಲೇಬೇಕಾದ ಕೆಲಸ, ಅದನ್ನೂ ಬೇಗ ಮಾಡಬೇಕು.

ಇಂಗ್ಲಿಷಿನ ಆಟ ಸಿಗುತ್ತೆ, ನಮ್ಮದು ಯಾಕೆ ಸಿಗಲ್ಲ?

ಅಮೆರಿಕದವರ ಬಾಲ್ಯದ ಆಟಗಳಲ್ಲಿ ಬಹಳ ಹೆಸರಾದದ್ದು 'ದಿ ಆರೆಗಾನ್ ಟ್ರೇಲ್'. 1971ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡಾನ್ ರಾವಿಚ್, ಬಿಲ್ ಹೈನ್‌ಮನ್, ಪಾಲ್ ಡಿಲೆನ್‌ಬರ್ಗರ್ ಎಂಬ ಮೂವರು ಶಿಕ್ಷಕ ತರಬೇತಿಯ ಹುಡುಗರು ಇತಿಹಾಸದ ಪಾಠಕ್ಕಾಗಿ ಇದನ್ನು ಬರೆದರು. ಆಗ ಪರದೆ ಇರಲಿಲ್ಲ. ದೂರದ ಕಂಪ್ಯೂಟರಿಗೆ ಜೋಡಿಸಿದ ಟೆಲಿಪ್ರಿಂಟರ್ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಸೆಮಿಸ್ಟರ್ ಮುಗಿದ ಮೇಲೆ ರಾವಿಚ್ ಆ ಪ್ರೋಗ್ರಾಮನ್ನು ಯಂತ್ರದಿಂದ ಅಳಿಸಿಬಿಟ್ಟ. ಆದರೆ ಅಳಿಸುವ ಮುಂಚೆ ಕೋಡನ್ನು ಕಾಗದದ ಮೇಲೆ ಪ್ರಿಂಟ್ ತೆಗೆದಿಟ್ಟುಕೊಂಡಿದ್ದ. 1974ರಲ್ಲಿ ಮಿನೆಸೋಟದ ಶೈಕ್ಷಣಿಕ ಕಂಪ್ಯೂಟಿಂಗ್ ಸಂಸ್ಥೆಗೆ ಕೆಲಸಕ್ಕೆ ಸೇರಿದಾಗ ಆ ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದ. ಆಮೇಲೆ ಒಂದಿಡೀ ಪೀಳಿಗೆ ಅದನ್ನು ಆಡಿ ಬೆಳೆಯಿತು. ಅಷ್ಟು ದೊಡ್ಡ ಆಟ ಉಳಿದದ್ದು ಯಾರೋ ಒಬ್ಬರು ಒಂದು ಕಾಗದದ ಸುರುಳಿಯನ್ನು ಬಿಸಾಡದೆ ಇಟ್ಟುಕೊಂಡದ್ದರಿಂದ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಅಂಥ ಜನ ಅಲ್ಲಿ ಇನ್ನೂ ಇದ್ದಾರೆ. ಇಂಟರ್ನೆಟ್ ಆರ್ಕೈವ್ 2015ರಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವ ಹಾಗೆ ಹಾಕಿತು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸುತ್ತೇವೆ ಅಂದಾಗ, ಅದಕ್ಕೆ ಎರಡು ಮೂರು ವರ್ಷ ಮುಂಚೆಯೇ 'ಫ್ಲ್ಯಾಶ್‌ಪಾಯಿಂಟ್' ಅನ್ನೋ ಯೋಜನೆಯ ಸ್ವಯಂಸೇವಕರು ಆಟಗಳನ್ನು ಇಳಿಸಿಕೊಳ್ಳೋಕೆ ಶುರು ಮಾಡಿದ್ದರು. ಇವತ್ತು ಅವರ ಹತ್ತಿರ ಒಂದು ಲಕ್ಷಕ್ಕೂ ಹೆಚ್ಚು ಆಟಗಳಿವೆ. ಇಷ್ಟೆಲ್ಲ ಆದರೂ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲೂ ಸಿಗಲ್ಲ, ಆನ್‌ಲೈನಿನಲ್ಲೂ ಮಾರಾಟಕ್ಕಿಲ್ಲ ಅಂತ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ದುಡ್ಡು, ಅಭಿಮಾನಿಗಳು, ಸಂಗ್ರಹಾಲಯಗಳು ಎಲ್ಲ ಇರುವ ದೇಶದ ಕಥೆ ಇದು. ನಮ್ಮ ಸಂತೆಯ ಅಜ್ಜಿಯ ಗತಿ ಏನಾಗಿರಬೇಕು, ನೀವೇ ಯೋಚಿಸಿ.

ಕನ್ನಡದ ಆಟ ಹುಡುಕುವವನಿಗೆ ಇನ್ನೂ ಕೆಲವು ಅಡ್ಡಿಗಳಿವೆ. ಮೊದಲನೆಯದು ಹೆಸರು. ಅಂಗಡಿಯಲ್ಲಿ ಮಾರುವ ಆಟಕ್ಕೆ ಆಕರ್ಷಕವಾದ ಹೆಸರು ಬೇಕು. ಶಾಲೆಗೆ ಹಂಚುವ ಸಿ.ಡಿ.ಗೆ ಬೇಕಿಲ್ಲ. ಅದರ ಮೇಲೆ 'ಗಣಿತ, 5ನೇ ತರಗತಿ, ಭಾಗ 2' ಅಂತ ಬರೆದರೆ ಸಾಕು. ಅದನ್ನು ಗೂಗಲಿಗೆ ಕೊಟ್ಟು ನೋಡಿ. ಪಠ್ಯಪುಸ್ತಕದ ಪಿ.ಡಿ.ಎಫ್. ಬರುತ್ತೆ, ಟ್ಯೂಶನ್ ಜಾಹೀರಾತು ಬರುತ್ತೆ, ಅಜ್ಜಿ ಬರಲ್ಲ.

ಎರಡನೆಯದು ನಮ್ಮ ಕ್ಷೇತ್ರದ್ದೇ ಸಮಸ್ಯೆ. ಆ ಕಾಲದಲ್ಲಿ ಕನ್ನಡವನ್ನು ಹೆಚ್ಚಾಗಿ ಯೂನಿಕೋಡಿನಲ್ಲಿ ಬರೆಯುತ್ತಿರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಕಣ್ಣಿಗೆ 'ತಕ್ಕಡಿ' ಅಂತ ಕಾಣುತ್ತೆ, ಫೈಲಿನ ಒಳಗೆ ಇರೋದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಸರಿಯಾದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಆ ಚಿಹ್ನೆಗಳೇ ಕಾಣುತ್ತವೆ. ಎಷ್ಟೋ ಸಲ ಈ ತಾಪತ್ರಯವೇ ಬೇಡ ಅಂತ ಅಕ್ಷರಗಳನ್ನು ಚಿತ್ರವಾಗಿಯೇ ಅಂಟಿಸಿಬಿಡುತ್ತಿದ್ದರು. ಎರಡರಲ್ಲಿ ಯಾವುದಾದರೂ ಹುಡುಕು ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಅಂದ್ರೆ ಯಾರೋ ಪುಣ್ಯಾತ್ಮರು ಆ ಸಿ.ಡಿ.ಯನ್ನು ಎಲ್ಲೋ ಅಪ್‌ಲೋಡ್ ಮಾಡಿದ್ದರೂ, ನಾವು ಕನ್ನಡದಲ್ಲಿ ಹುಡುಕಿದರೆ ನಮಗೆ ಅದು ಕಾಣಲಿಕ್ಕಿಲ್ಲ.

ಮೂರನೆಯದು ಕಾನೂನು. 1954ರ ಒಂದು ಕಾಯ್ದೆ ಪ್ರಕಾರ ನಮ್ಮ ದೇಶದ ಪ್ರಕಾಶಕರು ತಾವು ಅಚ್ಚು ಹಾಕಿದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲೇ ಕಳಿಸಬೇಕು. 1956ರಲ್ಲಿ ಅದಕ್ಕೆ ಪತ್ರಿಕೆಗಳನ್ನೂ ಸೇರಿಸಿದರು. ಸಾಫ್ಟ್‌ವೇರಿಗೆ ಆ ಕಾಯ್ದೆಯಲ್ಲಿ ಜಾಗ ಇಲ್ಲ. ಹಾಗಾಗಿ ಇಪ್ಪತ್ತು ಪುಟದ ಕನ್ನಡ ಪುಸ್ತಕಕ್ಕೂ ದೇಶದಲ್ಲಿ ಒಂದು ವಿಳಾಸ ಇರುತ್ತೆ. ಸಾವಿರಾರು ಮಕ್ಕಳು ಆಡಿದ ಕನ್ನಡ ಸಿ.ಡಿ.ಗೆ ಶಾಲೆಯ ಬೀರು ಬಿಟ್ಟರೆ ಬೇರೆ ವಿಳಾಸ ಇಲ್ಲ.

"ಹಳೇ ಆಟ ತಗೊಂಡು ಏನ್ ಮಾಡ್ತೀಯ?"

ಈ ಪ್ರಶ್ನೆ ಕೇಳುವವರಿದ್ದಾರೆ, ಕೇಳೋದು ನ್ಯಾಯವೂ ಹೌದು. ಈಗ ಮಕ್ಕಳಿಗೆ ಫೋನಿದೆ, ಯೂಟ್ಯೂಬ್ ಇದೆ, ಎ.ಐ. ಇದೆ. 256 ಬಣ್ಣದ ಕಾಗೆ ಯಾರಿಗೆ ಬೇಕು? ಅದೂ ಅಲ್ಲದೆ ಆ ಆಟಗಳು ನಿಜವಾಗಿ ಚೆನ್ನಾಗಿದ್ದವಾ, ಅಥವಾ ನಾವು ಚಿಕ್ಕವರಿದ್ದೆವು ಅಂತ ಚೆನ್ನಾಗಿ ಕಂಡವಾ?

ಇದಕ್ಕೆ ಉತ್ತರ ಕೊಡೋಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2001ರಲ್ಲಿ ಶುರುವಾದ ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನ ಮೊದಲ ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗಾಗಿ ಕಂಪ್ಯೂಟರ್ ನೆರವಿನ ಕಲಿಕೆಯ ಕಾರ್ಯಕ್ರಮ ನಡೆಸಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ತಯಾರಾಗಿ ಶಾಲೆಗಳಿಗೆ ಹೋದವು. ಕೆಲವು ವರ್ಷಗಳ ನಂತರ ಆ ಸಂಸ್ಥೆಯೇ ಈ ದಾರಿಯಿಂದ ಹಿಂದೆ ಸರಿಯಿತು. ಸಿ.ಡಿ.ಯಿಂದ ಆಗಬಹುದಾದದ್ದಕ್ಕೆ ಮಿತಿ ಇದೆ, ಶಿಕ್ಷಕರ ಮೇಲೆ ಕೆಲಸ ಮಾಡಬೇಕು ಅನ್ನೋ ನಿಲುವಿಗೆ ಬಂತು. ಮಾಡಿದವರೇ ತಮ್ಮ ಕೆಲಸವನ್ನು ಹೀಗೆ ಬಹಿರಂಗವಾಗಿ ತೂಗಿ ನೋಡೋದು ಅಪರೂಪ, ಅದಕ್ಕೆ ಅವರನ್ನು ಮೆಚ್ಚಬೇಕು.

ಈಗ ನಮ್ಮ ಕಾಲೇಜಿನ ಕಡೆ ತಿರುಗಿ. ಯಾವ ಹ್ಯಾಕಥಾನಿಗೆ ಹೋದರೂ ಒಂದಾದರೂ ತಂಡ 'ಗ್ರಾಮೀಣ ಮಕ್ಕಳಿಗೆ ಕನ್ನಡದಲ್ಲಿ ಎ.ಐ. ಮೇಷ್ಟ್ರು' ಮಾಡುತ್ತಿರುತ್ತೆ. ಒಳ್ಳೆಯದೇ. ನಾನೂ ಅಂಥ ತಂಡದಲ್ಲಿ ಇದ್ದವನೇ. ಆದರೆ ಹೀಗೆ ಕನ್ನಡದ ಮಕ್ಕಳಿಗೆ ಕಂಪ್ಯೂಟರಿನಿಂದ ಪಾಠ ಹೇಳೋ ಪ್ರಯತ್ನ ಇಪ್ಪತ್ತು ವರ್ಷದ ಹಿಂದೆಯೇ, ನಮಗಿಂತ ಎಷ್ಟೋ ಪಾಲು ದೊಡ್ಡ ಪ್ರಮಾಣದಲ್ಲಿ ನಡೆದಿದೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದರೂ, ಅದು ಹೇಗಿತ್ತು ಅಂತ ತೆರೆದು ನೋಡೋಕೆ ನಮ್ಮ ಕೈಯಲ್ಲಿ ಏನಿದೆ? 'ಇಂಥದ್ದು ಅಷ್ಟಾಗಿ ಫಲ ಕೊಡಲಿಲ್ಲ' ಅನ್ನೋ ಒಂದು ಸಾಲು ಉಳಿದಿದೆ. ಯಾವುದು ಫಲ ಕೊಡಲಿಲ್ಲ? ಆಟವೇ ನೀರಸವಾಗಿತ್ತಾ? ಮೂರು ಜನಕ್ಕೆ ಒಂದು ಮೌಸ್ ಇದ್ದದ್ದಾ? ಕರೆಂಟ್ ಇರದಿದ್ದದ್ದಾ? ಮೇಷ್ಟ್ರಿಗೆ ಕಂಪ್ಯೂಟರ್ ಅಂದ್ರೆ ಹೆದರಿಕೆ ಇದ್ದದ್ದಾ? ತಪ್ಪು ಉತ್ತರಕ್ಕೆ ಬರುವ ಕಾಗೆಯನ್ನು ನೋಡೋಕೆ ನಾವೆಲ್ಲ ಬೇಕಂತಲೇ ತಪ್ಪು ಮಾಡುತ್ತಿದ್ದದ್ದಾ?

ಕೊನೆಯದು ತಮಾಷೆಗೆ ಹೇಳಿದ್ದಲ್ಲ. ನಮ್ಮ ಬೆಂಚಿನಲ್ಲಿ ನಡೆಯುತ್ತಿದ್ದದ್ದು ಅದೇ. ತಪ್ಪಿಗೆ ಸಿಗುವ ಶಿಕ್ಷೆ ಸರಿಗೆ ಸಿಗುವ ಬಹುಮಾನಕ್ಕಿಂತ ಮಜವಾಗಿದ್ದರೆ ಮಗು ತಪ್ಪನ್ನೇ ಆರಿಸಿಕೊಳ್ಳುತ್ತೆ. ಇದು ವಿನ್ಯಾಸದ ದೊಡ್ಡ ಪಾಠ. ಇವತ್ತು ಆ್ಯಪ್ ಮಾಡುವವನಿಗೂ ಬೇಕಾದ ಪಾಠ. ಆದರೆ ಅದನ್ನು ತೋರಿಸಿ ಹೇಳೋಕೆ ಆಟ ಬೇಕು. ಬರೀ ನೆನಪನ್ನು ನಂಬಿ ಹೇಳಿದರೆ ಧಾರವಾಡದವನು 'ಗೂಗಿ' ಅಂತಾನೆ, ಮಂಡ್ಯದವನು 'ಕೋತಿ' ಅಂತಾನೆ, ಪಾಠ ಅಲ್ಲಿಗೇ ನಿಲ್ಲುತ್ತೆ.

ಸಿವಿಲ್‌ನವರನ್ನು ಕೇಳಿ ನೋಡಿ. ಕುಸಿದ ಸೇತುವೆಯ ಬಗ್ಗೆ ಅವರು ನಿಂತ ಸೇತುವೆಗಿಂತ ಹೆಚ್ಚು ಓದುತ್ತಾರೆ. ಸಾಫ್ಟ್‌ವೇರಿನವರಾದ ನಾವು ಹಿಂದಿನವರ ಕೆಲಸವನ್ನು ಅಳಿಸಿ ಹಾಕಿ, ಅದನ್ನೇ ಹೊಸದಾಗಿ ಕಟ್ಟಿ, ಹೊಸದಾಗಿ ಬೀಳಿಸುತ್ತೇವೆ. ಆ ಆಟಗಳು ಚೆನ್ನಾಗಿರಲಿಲ್ಲ ಅಂತಾದರೆ ಅವುಗಳನ್ನು ಉಳಿಸಿಕೊಳ್ಳೋಕೆ ಅದು ಇನ್ನೊಂದು ಕಾರಣ.

ನೆನಪನ್ನು ಹೇಗೆ ನಂಬೋದು

ಮೇವಿಸ್ ಬೀಕನ್ ಹೆಸರು ಕೇಳಿರಬಹುದು. 1987ರಲ್ಲಿ ಬಂದ ಟೈಪಿಂಗ್ ಕಲಿಸುವ ಪ್ರೋಗ್ರಾಮ್ ಅದು, ನಮ್ಮಲ್ಲೂ ಟೈಪಿಂಗ್ ಕಲಿಯೋಕೆ ಬಹಳ ಜನ ಬಳಸಿದ್ದಾರೆ. ಪೆಟ್ಟಿಗೆಯ ಮೇಲಿದ್ದ ಮೇಡಂ ನಿಜವಾದ ಟೈಪಿಂಗ್ ಟೀಚರ್ ಅಂತಲೇ ಲಕ್ಷಾಂತರ ಜನ ನಂಬಿದ್ದರು. ಮೇವಿಸ್ ಬೀಕನ್ ಅನ್ನೋರು ಯಾರೂ ಇರಲೇ ಇಲ್ಲ. ಅದು ಕಂಪನಿ ಇಟ್ಟ ಹೆಸರು. ಫೋಟೊದಲ್ಲಿದ್ದವರು ಹೈಟಿ ಮೂಲದ ರೆನೇ ಲೆಸ್ಪೆರಾನ್ಸ್ ಎಂಬ ಮಾಡೆಲ್. ಬಾಲ್ಯದ ನೆನಪು ಹೀಗೇ. ಅದು ಸುಳ್ಳು ಹೇಳಲ್ಲ, ಆದರೆ ತನಗೆ ಬೇಕಾದದ್ದನ್ನು ಸೇರಿಸಿಕೊಳ್ಳುತ್ತೆ.

ಹಾಗಾಗಿ ಹುಡುಕೋಕೆ ಹೊರಟವರು ಮೊದಲು ಬರೆದಿಡಬೇಕು, ಆಮೇಲೆ ಬೇರೆಯವರನ್ನು ಕೇಳಬೇಕು. "ಕಾಗೆ ಇತ್ತಲ್ವಾ?" ಅಂತ ಕೇಳಿದರೆ ಸ್ನೇಹಕ್ಕಾದರೂ ಹೌದು ಅಂತಾರೆ. "ತಪ್ಪು ಮಾಡಿದರೆ ಏನಾಗುತ್ತಿತ್ತು?" ಅಂತ ಕೇಳಿ. ಹಾಸ್ಟೆಲಿನ ಹಾಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ, ಒಬ್ಬೊಬ್ಬರನ್ನೇ ಕೇಳಿ. ಯಾವ ಕಥೆ ಯಾವುದಕ್ಕೆ ಹೊಂದುತ್ತೆ ಅಂತ ಆಮೇಲೆ ನೋಡಬಹುದು.

ಆಟದ ಬಗ್ಗೆ ಅನುಮಾನ ಇದ್ದರೆ ಆಟದ ಸುತ್ತ ಇದ್ದದ್ದನ್ನು ನೆನಪಿಸಿಕೊಳ್ಳಿ. ಪರದೆಯಲ್ಲಿ ಹಸಿರು ಗುಡ್ಡ, ನೀಲಿ ಆಕಾಶ ಇತ್ತಾ? ಹಾಗಾದರೆ ಅದು ವಿಂಡೋಸ್ ಎಕ್ಸ್‌ಪಿ, ಅಂದ್ರೆ 2001ರ ನಂತರದ ಕಂಪ್ಯೂಟರ್. ಫ್ಲಾಪಿಯೋ ಸಿ.ಡಿ.ಯೋ? ಧ್ವನಿ ಇತ್ತಾ? ಆ ಧ್ವನಿಯ ಕನ್ನಡ ಎಲ್ಲಿಯದು, ಮೈಸೂರಿನದೋ ಹುಬ್ಬಳ್ಳಿಯದೋ? ಗಿರಾಕಿ ಕೇಳಿದ್ದು ಹುರುಳಿಕಾಯಿಯೋ ಬೀನ್ಸೋ? ಒಂದೊಂದು ಪದವೂ ಮಾಡಿದವರ ಊರಿನ ಕಡೆ ಕೈ ತೋರಿಸುತ್ತೆ. ಆಮೇಲೆ ಮೇಷ್ಟ್ರನ್ನು ಕೇಳಿ. ನಾವು ಮಕ್ಕಳಾಗಿದ್ದಾಗ ಅವರು ದೊಡ್ಡವರಾಗಿದ್ದರು, ಸಿ.ಡಿ.ಯ ಮೇಲಿನ ಅಕ್ಷರ ಓದಿದ್ದು ಅವರೇ. ಅವರಲ್ಲಿ ಎಷ್ಟೋ ಜನ ನಿವೃತ್ತರಾಗುತ್ತಿದ್ದಾರೆ. ಆತುರ ಯಾಕೆ ಅಂದರೆ ಇದೊಂದು ಕಾರಣ.

ಸಿಕ್ಕ ಮೇಲೆ

ಇನ್ನೊಂದು ಕಾರಣ ಸಿ.ಡಿ.ಯೇ. ಅಂಗಡಿಯಲ್ಲಿ ಬರೆಸಿದ ಸಿ.ಡಿ.ಗಳಲ್ಲಿ ಮಾಹಿತಿ ಇರೋದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತೆ. ನಾವೆಲ್ಲ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತೇವೆ, ಆದರೆ ಮಾಹಿತಿಯ ಪದರ ಇರೋದು ಹೆಸರು ಬರೆಯುವ ಬದಿಗೆ ಅಂಟಿಕೊಂಡು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಷ್ಟು ಭಾಗ ಹಾಳಾಗಬಹುದು. ಸಿ.ಡಿ. ಸಿಕ್ಕ ಕೂಡಲೇ ಅದನ್ನು ಪದೇ ಪದೇ ಓಡಿಸಿ ಆಟ ಆಡಬೇಡಿ. ಮೊದಲು ಇಡೀ ಡಿಸ್ಕಿನ ಐ.ಎಸ್.ಒ. ಪ್ರತಿ ತೆಗೆಯಿರಿ. ಗೀರು ಬಿದ್ದಿದ್ದರೆ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಇದೆ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಅದೇ ಜಾಗಕ್ಕೆ ತಾಳ್ಮೆಯಿಂದ ಮತ್ತೆ ಬರುತ್ತೆ. ಕವರಿನ ಎರಡೂ ಬದಿಯ ಫೋಟೊ ತೆಗೆಯಿರಿ. ಹಿಂದಿನ ಬದಿಯಲ್ಲಿ ಸಣ್ಣಕ್ಷರದಲ್ಲಿ ಚಿತ್ರ ಬರೆದವರ, ಧ್ವನಿ ಕೊಟ್ಟವರ ಹೆಸರಿರಬಹುದು.

ಆಟ ಈಗಿನ ಲ್ಯಾಪ್‌ಟಾಪಿನಲ್ಲಿ ಓಡದಿದ್ದರೆ ಹೆದರಬೇಡಿ. 16 ಬಿಟ್ಟಿನ ಪ್ರೋಗ್ರಾಮುಗಳು 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ಓಡಲ್ಲ. ಡಾಸ್ ಕಾಲದ್ದಾದರೆ ಡಾಸ್‌ಬಾಕ್ಸ್ ಇದೆ, ಆಮೇಲಿನದಾದರೆ ವರ್ಚುವಲ್ ಮಷೀನಿನಲ್ಲಿ ಹಳೆಯ ವಿಂಡೋಸ್ ಹಾಕಿ ನೋಡಬಹುದು. ಕನ್ನಡದ ಬದಲು ವಿಚಿತ್ರ ಚಿಹ್ನೆ ಬಂದರೆ ಸಿ.ಡಿ.ಯಲ್ಲೇ ಫಾಂಟ್ ಫೈಲ್ ಇದೆಯಾ ಹುಡುಕಿ. ಇದೆಲ್ಲ ಎರಡನೇ ವರ್ಷದವರಿಗೂ ಒಂದು ವಾರಾಂತ್ಯದ ಕೆಲಸ.

ಕದ್ದು ಹಂಚಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಸಾಫ್ಟ್‌ವೇರಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ನಾಶವಾದರೆ ಇರಲಿ ಅಂತ ಬ್ಯಾಕಪ್ ಮಾಡಿಕೊಳ್ಳೋಕೆ ಬಿಡುತ್ತೆ. ಶಾಲೆಯ ಸಿ.ಡಿ.ಗೆ ಶಾಲೆಯೇ ಒಡೆಯ. ಹೆಡ್‌ಮಾಸ್ಟರ ಒಪ್ಪಿಗೆ ಪಡೆದು, ಪ್ರತಿ ತೆಗೆದು, ಮೂಲ ಸಿ.ಡಿ.ಯನ್ನೂ ಬ್ಯಾಕಪ್ ಪ್ರತಿಯನ್ನೂ ಅವರಿಗೇ ಕೊಡಿ. ಎಲ್ಲರಿಗೂ ಸಿಗುವ ಹಾಗೆ ಹಾಕಬೇಕು ಅಂದರೆ ಮಾಡಿದವರನ್ನು ಹುಡುಕಿ ಅನುಮತಿ ಕೇಳಿ. ಇಪ್ಪತ್ತು ವರ್ಷದ ಹಿಂದಿನ ತಮ್ಮ ಕೆಲಸವನ್ನು ಯಾರೋ ಹುಡುಕಿಕೊಂಡು ಬಂದರೆ ಬೇಡ ಅನ್ನೋರು ಕಡಿಮೆ ಅಂತ ನನ್ನ ನಂಬಿಕೆ.

ನಮ್ಮ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಬಾವುಟ ಕಟ್ಟುತ್ತೆ, ಡೊಳ್ಳು ತರಿಸುತ್ತೆ, ಭಾಷಣ ಮಾಡಿಸುತ್ತೆ. ಈ ವರ್ಷ ಅದರ ಜೊತೆ ಒಂದು ಪಟ್ಟಿ ಮಾಡೋಣ. ಮೂರೇ ಕಾಲಂ ಸಾಕು: ಆಟದ ಬಗ್ಗೆ ಏನು ನೆನಪಿದೆ, ಎಲ್ಲಿ ಆಡಿದ್ದು, ಸಿ.ಡಿ. ಎಲ್ಲಿರಬಹುದು. ನಮ್ಮ ಕ್ಯಾಂಪಸ್ಸಿನಲ್ಲಿ ಬೀದರಿನಿಂದ ಚಾಮರಾಜನಗರದವರೆಗಿನ ಹುಡುಗ ಹುಡುಗಿಯರಿದ್ದಾರೆ, ಅಂದ್ರೆ ನೂರಾರು ಶಾಲೆಗಳ ಕಂಪ್ಯೂಟರ್ ಕೋಣೆಗಳು ಇಲ್ಲೇ ಒಂದೇ ಮೆಸ್ಸಿನಲ್ಲಿ ಊಟ ಮಾಡುತ್ತಿವೆ. ಇಷ್ಟು ಒಳ್ಳೆಯ ಸ್ಯಾಂಪಲ್ ಯಾವ ಸಂಶೋಧಕನಿಗೂ ಸಿಗಲ್ಲ. ಫೈನಲ್ ಇಯರಿನವರಿಗೂ ಒಂದು ಮಾತು: ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟ್ ಈಗಾಗಲೇ ಬೇಕಾದಷ್ಟು ಬ್ಯಾಚುಗಳು ಮಾಡಿಯಾಗಿದೆ. ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತಂದು ಒಂದು ಆಟಕ್ಕೆ ಮತ್ತೆ ಜೀವ ಕೊಡುವ ಪ್ರಾಜೆಕ್ಟ್ ಮಾಡಿ ನೋಡಿ.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಒಂದು ದಿನ ಹಳೆಯ ಶಾಲೆಗೆ ಹೋಗಿ ಬನ್ನಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಇ-ತ್ಯಾಜ್ಯದ ಗಾಡಿ ಆ ಬೀರುವಿನ ಹತ್ತಿರ ಬರೋಕೆ ಮುಂಚೆ ನಾವು ಹೋಗಬೇಕು. ಸಿಕ್ಕಿದ್ದು ಕಾಗೆಯೋ, ಗೂಗಿಯೋ, ಗಿಳಿಯೋ, ಕೋತಿಯೋ, ಯಾವುದಾದರೂ ಸರಿ, ಪಟ್ಟಿಯಲ್ಲಿ ಬರೆಯಿರಿ.